ಉತ್ತರಧ್ರುವದ ಬೇಸಿಗೆಯೂ ನಮ್ಮ ಬೇಸಿಗೆಯೂ

ಉತ್ತರಧ್ರುವವೆಂದರೆ ನಮ್ಮಲ್ಲಿ ಬಹುಮಂದಿಗೆ ಭೂಗೋಳದ ನೆತ್ತಿಯ ಮೇಲಿನ ಒಂದು ಚುಕ್ಕೆ, ಅಷ್ಟೆ. ಪ್ರೌಢಶಾಲೆಯಲ್ಲಿ ಅದರ ಅಕ್ಷಾಂಶವನ್ನು ಬಾಯಿಪಾಠಮಾಡಿ, ಪರೀಕ್ಷೆಯಲ್ಲಿ ಬರೆದು, ಅಂಕ ಪಡೆದು ಮರೆತಿದ್ದೇವೆ. ಆ ಕಡೆಗೆ ಪ್ರತಿ ಬೇಸಿಗೆಯಲ್ಲಿಯೂ ಜನ ಹೋಗಿ ಕೆಲಸಮಾಡುತ್ತಾರೆ, ಅವರಲ್ಲಿ ನಮ್ಮ ವಯಸ್ಸಿನ ವಿದ್ಯಾರ್ಥಿಗಳೂ ಇರುತ್ತಾರೆ, ನಮ್ಮ ದೇಶದ್ದೇ ಒಂದು ಮನೆ ಅಲ್ಲಿದೆ ಎಂದು ಹೇಳಿದರೆ, ಮರಳವಾಡಿಯಲ್ಲಿ ಬಸ್ಸಿಗೆ ಕಾದು ನಿಂತವರು ನಕ್ಕಾರು. ನಗುವುದಕ್ಕೆ ಕಾರಣವಿಲ್ಲ. ಆ ಮನೆ ನಿಂತಿರುವುದು ಸರ್ಕಾರದ ಹಣದಿಂದ. ಬೆಂಕಿಪೊಟ್ಟಣ ಕೊಂಡವನೂ ಆ ಹಣಕ್ಕೆ ತನ್ನ ಪಾಲನ್ನು ಕೊಟ್ಟಿದ್ದಾನೆ. ಆದಕಾರಣ ಅಲ್ಲಿ ಏನು ನಡೆಯುತ್ತದೆ, ಅಲ್ಲಿಗೆ ಯಾರು ಹೋಗುತ್ತಾರೆ, ಯಾರು ಹೋಗಲಾರರು, ಏಕೆ ಹೋಗಲಾರರು ಎಂದು ಕೇಳುವ ಅಧಿಕಾರ ಒಂದು ಹೋಬಳಿಯ ವಿದ್ಯಾರ್ಥಿಗೂ ಉಂಟು.

ನಾರ್ವೆ ದೇಶದ ಆಡಳಿತಕ್ಕೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ನ್ಯೂ ಓಲೆಸುಂಡ್ ಎಂಬುದೊಂದು ಸಣ್ಣ ಊರು. ಅಲ್ಲಿಂದ ಧ್ರುವಕ್ಕೆ ಸುಮಾರು 1,200 ಕಿಲೋಮೀಟರು. ಮೊದಲು ಅದು ಕಲ್ಲಿದ್ದಲು ಗಣಿಗಾರರ ಊರು. 1962ರಲ್ಲಿ ಗಣಿಯೊಳಗೆ ಸ್ಫೋಟವಾಗಿ 21 ಮಂದಿ ಸತ್ತರು. ಮರುವರ್ಷವೇ ಗಣಿ ನಿಂತುಹೋಯಿತು. ಗಣಿಗಾರರು ಬಿಟ್ಟ ಊರಿಗೆ ಕ್ರಮೇಣ ಹಲವು ದೇಶಗಳ ವಿಜ್ಞಾನಿಗಳು ಬಂದರು. ನಮ್ಮವರ ಮೊದಲ ತಂಡ ಹೋದದ್ದು 2007ರ ಆಗಸ್ಟಿನಲ್ಲಿ. 2008ರ ಜುಲೈ 1ರಂದು ‘ಹಿಮಾದ್ರಿ’ ಎಂಬ ಭಾರತದ ಸಂಶೋಧನಾಕೇಂದ್ರ ಅಲ್ಲಿ ಆರಂಭವಾಯಿತು. ಅದರ ಮೇಲ್ವಿಚಾರಣೆ ಗೋವೆಯ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ್ದು. ಊರಿನ ಮುಂದೆ ಬೆಟ್ಟಗಳ ನಡುವೆ ಚಾಚಿಕೊಂಡಿರುವ ಕಡಲ ಕೊಲ್ಲಿಯಲ್ಲಿ, 192 ಮೀಟರು ಆಳದಲ್ಲಿ, 2014ರ ಜುಲೈಯಲ್ಲಿ ನಮ್ಮವರು ಒಂದು ಅಳತೆಯ ಉಪಕರಣವನ್ನು ನೆಲೆಗೊಳಿಸಿದರು. ಇತಿಹಾಸದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು: ಈ ದ್ವೀಪಗಳನ್ನು ಕುರಿತು 1920ರ ಫೆಬ್ರವರಿ 9ರಂದು ಪ್ಯಾರಿಸ್ಸಿನಲ್ಲಿ ಆದ ಒಪ್ಪಂದದಲ್ಲಿ ಬ್ರಿಟಿಷರ ಅಧೀನದಲ್ಲಿದ್ದ ಅಂದಿನ ಇಂಡಿಯಾದ ಹೆಸರೂ ಸೇರಿತ್ತು. ನಾವು ಅಲ್ಲಿಗೆ ಹೋದದ್ದು ತಡವಾಗಿ. ಹೋಗುವ ಹಕ್ಕು ಮಾತ್ರ ಹಳೆಯದು.

ಅಲ್ಲಿ ಮಾಡುವ ಕೆಲಸವೆಂಥದು? ಚಲಚ್ಚಿತ್ರದಲ್ಲಿ ತೋರಿಸುವ ಸಾಹಸವೆಂದು ಭಾವಿಸಿದವರಿಗೆ ನಿರಾಶೆಯಾದೀತು. ಹಿಮನದಿಯ ಮೈಯಲ್ಲಿ ರಂಧ್ರ ಕೊರೆದು ಉದ್ದನೆಯ ಗಳುಗಳನ್ನು ನೆಡುತ್ತಾರೆ. ಬೇಸಿಗೆ ಕಳೆದ ಮೇಲೆ ಗಳು ಎಷ್ಟು ಉದ್ದ ಹೊರಗೆ ಕಾಣುತ್ತದೆಂದು ಅಳೆಯುತ್ತಾರೆ; ಅಷ್ಟು ನೀರ್ಗಲ್ಲು ಅಲ್ಲಿ ಕರಗಿತೆಂದು ಅರ್ಥ. ಅದೇ ಅಳತೆಯನ್ನು ಮುಂದಿನ ವರ್ಷ ಮತ್ತೆ ಮಾಡುತ್ತಾರೆ, ಅದರ ಮುಂದಿನ ವರ್ಷವೂ ಮಾಡುತ್ತಾರೆ. ನೆಲದ ವಿಷಯದಲ್ಲಿಯೂ ಹೀಗೆಯೇ. ಉತ್ತರದ ಆ ಸೀಮೆಯಲ್ಲಿ ನೆಲದ ಒಳಪದರ ವರ್ಷವೆಲ್ಲ ಹೆಪ್ಪುಗಟ್ಟಿಯೇ ಇರುತ್ತದೆ. ಬೇಸಿಗೆಯಲ್ಲಿ ಮೇಲಿನ ಪದರ ಮಾತ್ರ ಕರಗಿ ಕೆಸರಾಗುತ್ತದೆ. ಒಂದು ಉಕ್ಕಿನ ಸಲಾಕೆಯನ್ನು ನೆಲಕ್ಕೆ ಒತ್ತುವುದು, ಗಟ್ಟಿ ತಗಲಿದ ಕಡೆ ನಿಲ್ಲಿಸುವುದು, ಎಷ್ಟು ಆಳ ಇಳಿಯಿತೆಂದು ಬರೆದುಕೊಳ್ಳುವುದು, ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ಒತ್ತುವುದು. ಹದಮಳೆ ಬಂದ ಮರುದಿನ, ತೇವ ಎಷ್ಟು ಇಳಿದಿದೆಯೆಂದು ಹೊಲದಲ್ಲಿ ಗುದ್ದಲಿಯಿಂದ ಕೆದಕಿ ನೋಡುವ ನಮ್ಮ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸ ಒಂದೇ: ನಮ್ಮ ಹಿರಿಯರು ನೋಡಿದ್ದನ್ನು ಬರೆದಿಡಲಿಲ್ಲ.

ಈ ಬೇಸರದ ಕೆಲಸ ಯಾತಕ್ಕೆಂದು ಕೇಳಬಹುದು. ಹೆಪ್ಪುಗಟ್ಟಿದ ಆ ನೆಲದೊಳಗೆ ಸಾವಿರಾರು ವರ್ಷಗಳ ಹುಲ್ಲು, ಬೇರು, ಎಲೆ ಕೊಳೆಯದೆ ಬಿದ್ದಿವೆ. ಅವುಗಳಲ್ಲಿ ಅಡಗಿರುವ ಇಂಗಾಲ ಸುಮಾರು 1,500 ಶತಕೋಟಿ ಟನ್ನು. ಇದು ಈಗ ವಾಯುಮಂಡಲದಲ್ಲಿರುವುದಕ್ಕೆ ಹೆಚ್ಚುಕಡಮೆ ಎರಡರಷ್ಟು. ನೆಲ ಕರಗಿದರೆ ಕೊಳೆಯುವಿಕೆ ಆರಂಭವಾಗುತ್ತದೆ. ಕೊಳೆತದ್ದು ಅನಿಲವಾಗಿ ಮೇಲೇರುತ್ತದೆ. ಮೇಲೇರಿದ್ದು ಭೂಮಿಯನ್ನು ಇನ್ನಷ್ಟು ಕಾಯಿಸುತ್ತದೆ. 1979ರಿಂದೀಚೆಗೆ ಆ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕರಷ್ಟು ವೇಗವಾಗಿ ಬಿಸಿಯಾಗುತ್ತಿದೆಯೆಂದು 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಸಲಾಕೆಯ ಒಂದೊಂದು ಅಂಗುಲಕ್ಕೂ ಆದ್ದರಿಂದಲೇ ಬೆಲೆ.

ಏಪ್ರಿಲ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಮಧ್ಯರಾತ್ರಿಯಲ್ಲಿಯೂ ಬಿಸಿಲಿರುವುದರಿಂದ ಕೆಲಸ ಮುಗಿಯಿತೆಂದು ಹೇಳುವವರು ಗಡಿಯಾರ ನೋಡಿಯೇ ಹೇಳಬೇಕು. ಊರಿನ ಬಳಿ ಅತಿಸೂಕ್ಷ್ಮವಾದ ರೇಡಿಯೋ ಆಂಟೆನಾಗಳಿರುವುದರಿಂದ ಮೊಬೈಲ್ ಫೋನಿನ ನಿಸ್ತಂತು ಸಂಪರ್ಕವನ್ನು ಆರಿಸಿಡಬೇಕೆಂಬ ಕಟ್ಟುನಿಟ್ಟು ಬೇರೆ. (ನಮ್ಮ ಸಹಪಾಠಿಗಳಲ್ಲಿ ಕೆಲವರಿಗೆ ಹಿಮಕ್ಕಿಂತ ಇದೇ ಹೆಚ್ಚಿನ ಕಷ್ಟವೆಂದು ತೋರಿದರೆ ಆಶ್ಚರ್ಯವಿಲ್ಲ.) ಊರಿನ ಎಲ್ಲೆ ದಾಟಿ ಹೋಗುವವರ ಜೊತೆಯಲ್ಲಿ ಹಿಮಕರಡಿಯ ಭಯಕ್ಕಾಗಿ ಬಂದೂಕು ಇರಲೇಬೇಕು, ಕೆಲವರು ಬಗ್ಗಿ ಅಳೆಯುತ್ತಿದ್ದರೆ ಒಬ್ಬರು ನೆಟ್ಟಗೆ ನಿಂತು ಸುತ್ತಲೂ ನೋಡುತ್ತಿರಬೇಕು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಸೀಮೆಯ ರಾಗಿಯ ಕಾವಲು. ಬನ್ನೇರುಘಟ್ಟದ ಕಾಡಿನ ಅಂಚಿನಲ್ಲಿ ತೆನೆ ಬಲಿಯುವ ಕಾಲಕ್ಕೆ ಆನೆ ಇಳಿಯುತ್ತದೆಂದು ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಕುಳಿತವರ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಕಾಡುಮೃಗ ಬರುವ ಕಡೆ ಎಚ್ಚರವಾಗಿದ್ದು ಕೆಲಸಮಾಡುವುದನ್ನು ಅವರಿಗೆ ಯಾವ ದೇಶದವರೂ ಕಲಿಸಬೇಕಾಗಿಲ್ಲ.

ಹಾಗಾದರೆ ಅಲ್ಲಿಗೆ ಹೋಗುವ ವಿದ್ಯಾರ್ಥಿಗೂ ನಮಗೂ ಇರುವ ಅಂತರವೇನು? ಬುದ್ಧಿಯೆಂದು ಹಲವರು ಹೇಳುತ್ತಾರೆ. ಇಂಗ್ಲಿಷ್ ಎಂದು ಇನ್ನು ಕೆಲವರು. ಎರಡರಲ್ಲಿಯೂ ಸ್ವಲ್ಪ ನಿಜವಿದ್ದೀತು. ಮುಖ್ಯವಾದ ಅಂತರ ಬೇಸಿಗೆಯದು ಎಂಬುದು ನನ್ನ ಅಭಿಪ್ರಾಯ.

ಹಿಮಾದ್ರಿ ಆರಂಭವಾದ 2008ರಲ್ಲಿಯೇ ಅಮೆರಿಕದಲ್ಲಿ ‘ಪೊಲಾರಿಸ್’ ಎಂಬ ಯೋಜನೆ ಆರಂಭವಾಯಿತು. ಇನ್ನೂ ಪದವಿ ಮುಗಿಸದ ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಸೈಬೀರಿಯದ ಕೋಲಿಮಾ ನದಿಯ ಬಳಿಯ ಚೆರ್ಸ್ಕಿ ಎಂಬ ಊರಿಗೆ ಕರೆದುಕೊಂಡು ಹೋದರು. ಮುಂದಿನ ವರ್ಷಗಳಲ್ಲಿ ಅಲಾಸ್ಕದ ಯೂಕಾನ್–ಕಸ್ಕೊಕ್ವಿಮ್ ನದಿಗಳ ಮುಖಜಭೂಮಿಗೆ, 2015ರಲ್ಲಿ ಬೆಂಕಿಗೆ ಆಹುತಿಯಾಗಿದ್ದ ಬಯಲಿಗೆ, ಕೊಂಡೊಯ್ದರು. ಆ ಯೋಜನೆಯಲ್ಲಿ ನನಗೆ ಮೆಚ್ಚಿಕೆಯಾದ ಸಂಗತಿ ಎರಡು. ಪ್ರೊಫೆಸರರ ಚೀಲ ಹೊರುವುದಕ್ಕಾಗಿ ವಿದ್ಯಾರ್ಥಿ ಹೋಗಲಿಲ್ಲ. ಪ್ರತಿಯೊಬ್ಬರೂ ತಮ್ಮದೇ ಒಂದು ಪ್ರಶ್ನೆಯನ್ನು ಇಟ್ಟುಕೊಂಡು ಅದಕ್ಕೆ ಉತ್ತರ ಹುಡುಕಬೇಕಾಗಿತ್ತು. ಸುಟ್ಟ ನೆಲ ಸುಡದ ನೆಲಕ್ಕಿಂತ ಹೆಚ್ಚು ಆಳಕ್ಕೆ ಕರಗುತ್ತದೆಯೆ, ಹಳ್ಳದ ನೀರಿನಲ್ಲಿ ಹರಿದುಹೋಗುವ ಇಂಗಾಲವೆಷ್ಟು, ಇಂಥ ಪ್ರಶ್ನೆಗಳು. ಇನ್ನೊಂದು ಸಂಗತಿಯೆಂದರೆ ಹೋಗಿಬರುವ ಖರ್ಚನ್ನು ವಿದ್ಯಾರ್ಥಿಯ ತಂದೆಯ ಮೇಲೆ ಹಾಕದೆ ಯೋಜನೆಯೇ ಹೊತ್ತುಕೊಂಡದ್ದು. ಈ ಎರಡನೆಯದಿಲ್ಲದೆ ಮೊದಲನೆಯದು ಬರಿಯ ಮಾತು.

ನಮ್ಮ ಬೇಸಿಗೆಯನ್ನು ನೋಡಿ. ಪರೀಕ್ಷೆಯ ಕೊನೆಯ ಪತ್ರಿಕೆ ಮುಗಿದ ಸಂಜೆಯೇ ಅರ್ಧ ತರಗತಿ ಚದರಿಹೋಗುತ್ತದೆ. ಕೆಲವರು ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ದಿನಗೂಲಿಗೆ. ಕೆಲವರು ಮಾವಿನ ತೋಪಿನಲ್ಲಿ ಕಾಯಿ ಕೀಳುವುದಕ್ಕೆ, ಬುಟ್ಟಿ ತುಂಬುವುದಕ್ಕೆ. ರೇಷ್ಮೆ ಇರುವ ಮನೆಯಾದರೆ ಹುಳುವಿಗೆ ಸೊಪ್ಪು ತರುವುದಕ್ಕೆ. ಹುಳು ನಾಲ್ಕನೆಯ ಜ್ವರ ಎದ್ದ ಮೇಲೆ ಮನೆಯವರಿಗೆ ಹಗಲು ರಾತ್ರಿಗಳ ಭೇದವಿಲ್ಲ. ಆ ಒಂದು ವಾರ ಅವರಿಗೂ ಸೂರ್ಯ ಮುಳುಗದ ವಾರವೇ. ಹುಡುಗ ತಂದ ಕೂಲಿಯಿಂದ ಮುಂದಿನ ವರ್ಷದ ಶುಲ್ಕ, ತಂಗಿಯ ಪುಸ್ತಕ, ಕೊಳವೆಬಾವಿಯ ಸಾಲದ ಒಂದು ಕಂತು. ಇಂಥ ಮನೆಯಲ್ಲಿ, ‘ಅಪ್ಪಾ, ಆರು ವಾರ ನಾನು ಕೆಲಸಕ್ಕೆ ಬರುವುದಿಲ್ಲ, ನದಿಯನ್ನು ನೋಡಿ ಬರೆದುಕೊಳ್ಳುತ್ತೇನೆ’ ಎಂದು ಮಗ ಹೇಳಿದರೆ ತಂದೆ ಏನನ್ನಬೇಕು? ‘ನೋಡಿದರೆ ಹೊಟ್ಟೆ ತುಂಬುತ್ತದೇನೋ, ಮಗು?’ ಎಂದಾನು. ಅವನ ಮಾತಿನಲ್ಲಿ ತಪ್ಪೇನೂ ಇಲ್ಲ.

ಹೆಣ್ಣುಮಕ್ಕಳ ಬೇಸಿಗೆಯ ಕತೆಯೇ ಬೇರೆ. ಸುದೀಪ್ತಾ ಸೇನ್‌ಗುಪ್ತಾ, ಅದಿತಿ ಪಂತ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು 1983ರಲ್ಲಿಯೇ ದಕ್ಷಿಣಧ್ರುವಖಂಡಕ್ಕೆ ಹೊರಟ ಭಾರತದ ತಂಡದಲ್ಲಿದ್ದರು. ಅಷ್ಟು ವರ್ಷಗಳಾದ ಮೇಲೂ ನಮ್ಮ ಸಹಪಾಠಿನಿಯೊಬ್ಬಳು ಎರಡು ದಿನದ ಪ್ರವಾಸಕ್ಕೆ ಮನೆಯಿಂದ ಒಪ್ಪಿಗೆ ಪಡೆಯಬೇಕಾದರೆ ಅಜ್ಜಿ, ದೊಡ್ಡಪ್ಪ, ಸೋದರಮಾವ ಎಲ್ಲರ ಸಭೆ ಸೇರಬೇಕು. ರಜೆಯಲ್ಲಿ ಅವಳಿಗೆ ಮನೆಗೆಲಸ, ಇಲ್ಲವೆ ಗಂಡಿನ ಮನೆಯವರು ನೋಡಲು ಬರುವ ಸಂಭ್ರಮ. ದೂರದ ಕ್ಷೇತ್ರಕಾರ್ಯದ ಮಾತನ್ನು ಬಿಟ್ಟರೂ, ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದಾದ ಕೆಲಸವನ್ನಾದರೂ ಕಾಲೇಜು ತನ್ನ ಮೊಹರಿನಡಿಯಲ್ಲಿ ಕೊಟ್ಟರೆ ಹಲವು ಮನೆಗಳ ಬಾಗಿಲು ತೆರೆದೀತು.

ಈಗ ಒಂದು ಆಕ್ಷೇಪ. ‘ಇಲ್ಲಿ ಕುಡಿಯಲು ನೀರಿಲ್ಲ, ಧ್ರುವದ ನೀರ್ಗಲ್ಲನ್ನು ಅಳೆಯಲು ಕೋಟಿಗಟ್ಟಲೆ ಹಣವೇಕೆ?’ ಚರ್ಚಾಸಭೆಯಲ್ಲಿ ಈ ಮಾತಿಗೆ ಚಪ್ಪಾಳೆ ಖಂಡಿತ. ಆದರೆ ಎರಡನ್ನೂ ಬೇರೆ ಬೇರೆ ಎಂದು ತಿಳಿಯುವುದು ಸರಿಯಲ್ಲ. ಉತ್ತರದ ಕಾರಾ ಸಮುದ್ರದಲ್ಲಿ ಬೇಸಿಗೆಯ ನೀರ್ಗಲ್ಲು ಕಡಮೆಯಾಗುವುದಕ್ಕೂ ಮಧ್ಯಭಾರತದಲ್ಲಿ ಸೆಪ್ಟೆಂಬರಿನ ಅತಿವೃಷ್ಟಿಗೂ ಸಂಬಂಧವಿರಬಹುದೆಂದು ನಮ್ಮ ಧ್ರುವಕೇಂದ್ರದ ವಿಜ್ಞಾನಿಗಳೇ 2021ರಲ್ಲಿ ಸೂಚಿಸಿದ್ದಾರೆ. ಇದು ಸೂಚನೆ ಮಾತ್ರ, ತೀರ್ಪಲ್ಲ. ತೀರ್ಪು ಬರಬೇಕಾದರೆ ಇನ್ನೂ ಬಹಳ ಬೇಸಿಗೆಗಳು ಅಳೆಯಬೇಕು.

ಹತ್ತಿರದಲ್ಲಿಯೂ ಅಳೆಯದೆ ಮಾತನಾಡುವ ಚಾಳಿ ನಮಗಿದೆ. ಅರ್ಕಾವತಿ ಏಕೆ ಬತ್ತಿತೆಂದು ನಮ್ಮ ಊರುಗಳಲ್ಲಿ ಯಾರನ್ನು ಕೇಳಿದರೂ ‘ಮಳೆ ಹೋಯಿತು’ ಎನ್ನುತ್ತಾರೆ. ಬೆಂಗಳೂರಿನ ಏಟ್ರೀ ಸಂಸ್ಥೆಯವರು ಮತ್ತಿತರರು ಕೂಡಿ ಮಾಗಡಿ ಸೀಮೆಯ ತಿಪ್ಪಗೊಂಡನಹಳ್ಳಿ ಜಲಾಶಯದ ಮೇಲಿನ ಪ್ರದೇಶವನ್ನು ಅಭ್ಯಾಸಮಾಡಿ 2015ರಲ್ಲಿ ಪ್ರಕಟಿಸಿದ ವಿಚಾರವೇ ಬೇರೆ. ಜಲಾಶಯಕ್ಕೆ ಒಳಹರಿವು ಕುಗ್ಗಿದ್ದಕ್ಕೆ ಮಳೆಯ ಕೊರತೆಯನ್ನು ಹೊಣೆಮಾಡಲು ಆಧಾರ ಸಾಲದು. ಅಂತರ್ಜಲವನ್ನು ಅತಿಯಾಗಿ ಎತ್ತಿದ್ದು, ನೀಲಗಿರಿ ತೋಪುಗಳು ಹಬ್ಬಿದ್ದು, ಇವೇ ಮುಖ್ಯ ಕಾರಣಗಳೆಂದು ಅವರು ಕಂಡರು. ಮಳೆಯ ಮೇಲೆ ಹಾಕಿದ್ದ ಅಪವಾದ ನಮ್ಮ ಮೇಲೆಯೇ ತಿರುಗಿತು. ಕೆಳಗಿನ ಪಾತ್ರದಲ್ಲಿ ವೃಷಭಾವತಿ ಬೆಂಗಳೂರಿನ ಕೊಳಚೆಯನ್ನು ತಂದು ಸೇರಿಸುವುದರಿಂದ ನಮ್ಮ ಕಡೆ ಹೊಳೆ ಹರಿಯುವಂತೆ ಕಾಣುತ್ತದೆ; ಹರಿಯುವುದು ಏನೆಂದು ಮೂಗಿಗೆ ತಿಳಿಯುತ್ತದೆ. ಎಷ್ಟು ಹರಿಯುತ್ತದೆ, ಯಾವ ತಿಂಗಳು ಹೆಚ್ಚು, ಯಾವ ಹಳ್ಳಿಯ ಬಾವಿಗೆ ಇಳಿದಿದೆ ಎಂದು ನಮ್ಮ ಕಾಲೇಜಿನಲ್ಲಿ ಯಾರ ಬಳಿಯಾದರೂ ಬರೆದಿಟ್ಟ ಒಂದು ಹಾಳೆ ಇದೆಯೆ?

ದೂರದ ಕೆಲಸವೂ ಹತ್ತಿರದ ಕೆಲಸವೂ ಒಂದೇ ಕೈಯಿಂದ ಆಗಬಲ್ಲದೆಂಬುದಕ್ಕೆ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. ಸರ್ ಸಿ. ವಿ. ರಾಮನ್ ಅವರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯವರು ‘ಸರಸ್’ ಎಂಬ ರೇಡಿಯೋ ದೂರದರ್ಶಕವನ್ನು ಕಟ್ಟಿದರು. ವಿಶ್ವದ ಮೊದಲ ನಕ್ಷತ್ರಗಳ ಕಾಲದ ಜಲಜನಕ ಹೊರಸೂಸಿದ ಅತಿಕ್ಷೀಣವಾದ ಅಲೆಯನ್ನು ಹಿಡಿಯಬೇಕೆಂಬುದು ಅವರ ಉದ್ದೇಶ. ನೆಲದ ಮೇಲಿಟ್ಟರೆ ಕೆಳಗಿನ ಮಣ್ಣು ಕಲ್ಲುಗಳಿಂದ ಅಳತೆ ಕೆಡುತ್ತದೆಂದು ಅದನ್ನು ತೆಪ್ಪದ ಮೇಲಿಟ್ಟು 2020ರಲ್ಲಿ ಚಿಕ್ಕಬಳ್ಳಾಪುರದ ಕಡೆಯ ದಂಡಿಗಾನಹಳ್ಳಿ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಬಿಟ್ಟರು. ಅಮೆರಿಕದ ತಂಡವೊಂದು 2018ರಲ್ಲಿ ಆ ಅಲೆಯನ್ನು ಕಂಡೆವೆಂದು ಸಾರಿತ್ತು. ಕನ್ನಡನಾಡಿನ ನೀರಿನ ಮೇಲೆ ಮಾಡಿದ ಅಳತೆ ಅದನ್ನು ಸಮರ್ಥಿಸಲಿಲ್ಲವೆಂದು 2022ರಲ್ಲಿ ಪ್ರಕಟವಾಯಿತು. 2023ರ ಡಿಸೆಂಬರಿನಲ್ಲಿ ಭಾರತದ ಮೊದಲ ಚಳಿಗಾಲದ ತಂಡ ಹಿಮಾದ್ರಿಗೆ ಹೊರಟಾಗ ಇದೇ ಸಂಸ್ಥೆಯವರೂ ಅದರಲ್ಲಿದ್ದರು. ಸ್ವಾಲ್ಬಾರ್ಡಿನ ಆಕಾಶದಲ್ಲಿ ರೇಡಿಯೋ ಗದ್ದಲ ಎಷ್ಟಿದೆಯೆಂದು ಅಳೆಯುವುದು ಅವರ ಕೆಲಸ. ಮೊದಲು ಕೆರೆ, ಆಮೇಲೆ ಧ್ರುವ.

ಇನ್ನೂ ಹತ್ತಿರಕ್ಕೆ ಬರೋಣ. ಸಾತನೂರಿನ ಕಡೆಯ ಕಬ್ಬಾಳದ ಬೆಟ್ಟವನ್ನು ನಾವು ಬಲ್ಲೆವು. ಕಬ್ಬಾಳಮ್ಮನ ಪರಿಷೆಗೆ ಹೋಗದವರು ನಮ್ಮಲ್ಲಿ ವಿರಳ. ಆ ಬೆಟ್ಟದ ಬುಡದ ಬಂಡೆಗಳಲ್ಲಿ ಬೂದುಬಣ್ಣದ ಕಲ್ಲಿನ ನಡುವೆ ಅಲ್ಲಲ್ಲಿ ಕಪ್ಪುಹಸುರಿನ ಮಚ್ಚೆಗಳಿವೆ. ಒಂದು ಶಿಲೆ ಇನ್ನೊಂದು ಶಿಲೆಯಾಗಿ ಮಾರ್ಪಡುತ್ತಿರುವಾಗಲೇ ನಿಂತುಹೋದ ಗುರುತು ಇದು ಎಂದು ಭೂವಿಜ್ಞಾನಿ ಸಿ. ಎಸ್. ಪಿಚಮುತ್ತು ಅವರು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅಂದಿನಿಂದ ಹೊರದೇಶಗಳ ಭೂವಿಜ್ಞಾನಿಗಳೂ ಸುತ್ತಿಗೆ ಹಿಡಿದು ಅಲ್ಲಿಗೆ ಬಂದಿದ್ದಾರೆ. ಅವರಿಗೆ ಕಬ್ಬಾಳವೇ ದೂರದ, ದುರ್ಗಮವಾದ ಕ್ಷೇತ್ರ. ನಾವು ಮಾತ್ರ ಅದೇ ಬಂಡೆಯ ಮೇಲೆ ಬುತ್ತಿ ಬಿಚ್ಚಿ ಉಂಡು, ಕೈತೊಳೆದು ಬಂದಿದ್ದೇವೆ.

‘ನಾವು ಕಲಾ ವಿದ್ಯಾರ್ಥಿಗಳು, ಇದು ವಿಜ್ಞಾನದವರ ಕೆಲಸ’ ಎಂಬ ಮಾತನ್ನು ಅಧ್ಯಾಪಕರ ಬಾಯಲ್ಲಿಯೂ ಕೇಳುತ್ತೇವೆ. ಭಾರತೀಯ ವಿಜ್ಞಾನ ಅಕಾಡೆಮಿ ಮುಂತಾದ ಮೂರು ಅಕಾಡೆಮಿಗಳು ಸೇರಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಬೇಸಿಗೆಯಲ್ಲಿ ವೇತನ ಕೊಟ್ಟು ಸಂಶೋಧನೆಗೆ ಅವಕಾಶ ಮಾಡಿಕೊಟ್ಟಿರುವುದು ವಿಜ್ಞಾನ, ಇಂಜಿನಿಯರಿಂಗುಗಳವರಿಗೆ. ಒಳ್ಳೆಯ ಕೆಲಸ, ಆದರೆ ಬಿ.ಎ. ತರಗತಿಯವನಿಗೆ ಅಲ್ಲಿ ಸ್ಥಳವಿಲ್ಲ. ವಾಸ್ತವವಾಗಿ ನಮ್ಮ ಹೋಬಳಿಯಲ್ಲಿ ಅಳೆಯಬೇಕಾದದ್ದರಲ್ಲಿ ಅರ್ಧ ಕಲಾ ವಿದ್ಯಾರ್ಥಿಯದೇ. ಒಂದು ಊರಿನಲ್ಲಿ ಕೊಳವೆಬಾವಿಗಳೆಷ್ಟು, ಯಾವುದನ್ನು ಯಾವ ವರ್ಷ ಕೊರೆಸಿದರು, ಎಷ್ಟು ಅಡಿಗೆ ನೀರು ಬಂತು, ಯಾವ ವರ್ಷ ನಿಂತಿತು, ಅದಕ್ಕೆ ಮಾಡಿದ ಸಾಲ ತೀರಿತೆ, ತೀರದಿದ್ದರೆ ಏನು ಮಾರಿದರು? ಇದನ್ನು ಯಂತ್ರ ಹೇಳುವುದಿಲ್ಲ. ಜಗಲಿಯ ಮೇಲೆ ಕುಳಿತು, ಕೊಟ್ಟ ಮಜ್ಜಿಗೆ ಕುಡಿದು, ‘ಏನಜ್ಜ, ಮೊದಲ ಬೋರು ಹಾಕಿಸಿದ್ದು ಯಾವಾಗ?’ ಎಂದು ಕೇಳಬಲ್ಲವನಿಗೆ ಮಾತ್ರ ತಿಳಿಯುತ್ತದೆ. ದೊಡ್ಡ ಸಂಸ್ಥೆಯಿಂದ ಜೀಪಿನಲ್ಲಿ ಬಂದವರಿಗೆ ಅಜ್ಜ ಸಾಲದ ವಿಷಯ ಹೇಳಲಾರ. ಮೊಮ್ಮಗನ ಜೊತೆ ಓದುವ ಹುಡುಗನಿಗೆ ಹೇಳಿಯಾನು. ಐವತ್ತು ಹಳ್ಳಿಗಳಲ್ಲಿ ಇಂಥ ಲೆಕ್ಕ ಸಿದ್ಧವಾದರೆ, ಅರ್ಥಶಾಸ್ತ್ರದ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಅಧ್ಯಾಯ ನಮ್ಮ ಗ್ರಂಥಭಂಡಾರದಲ್ಲಿರುತ್ತದೆ. ಆನೆಯಿಂದಾದ ಬೆಳೆನಷ್ಟವೂ ಹಾಗೆಯೇ. ಪರಿಹಾರಕ್ಕೆ ಅರ್ಜಿ ಕೊಟ್ಟವರ ನಷ್ಟ ಕಚೇರಿಯ ಕಾಗದದಲ್ಲಿದೆ, ಓಡಾಡಿ ಬೇಸತ್ತು ಅರ್ಜಿಯನ್ನೇ ಕೊಡದವರ ನಷ್ಟ ಎಲ್ಲಿಯೂ ಇಲ್ಲ.

ಆದರೆ ಮತ್ತೆ ಕೂಲಿಯ ಪ್ರಶ್ನೆಗೆ ಬರಬೇಕು. ರಾಷ್ಟ್ರೀಯ ಸೇವಾ ಯೋಜನೆ 1969ರಿಂದ ಇದೆ. ವರ್ಷಕ್ಕೆ ಏಳು ದಿನದ ಶಿಬಿರದಲ್ಲಿ ಊಟ ವಸತಿ ಕೊಟ್ಟು ಕೆಲಸ ಮಾಡಿಸುತ್ತದೆ. ರಸ್ತೆ ಗುಡಿಸುತ್ತೇವೆ, ಗಿಡ ನೆಡುತ್ತೇವೆ, ಕೊನೆಯ ದಿನ ಭಾಷಣ ಕೇಳುತ್ತೇವೆ. ನೆಟ್ಟ ಗಿಡ ಮುಂದಿನ ವರ್ಷ ಇದೆಯೆ ಎಂದು ಎಣಿಸಲು ಯಾರೂ ಹೋಗುವುದಿಲ್ಲ. ಏಳು ದಿನದಲ್ಲಿ ಅಳತೆಯಾಗದು. ಸೇವೆಯೆಂದು ಕರೆದು ಆರು ವಾರ ಉಚಿತವಾಗಿ ದುಡಿಸಿದರೆ ಬಡವನ ಮಗ ಮೊದಲ ವಾರವೇ ಬಿಟ್ಟುಹೋಗುತ್ತಾನೆ. ಉಳಿಯುವವರು ಬೇಸಿಗೆಯಲ್ಲಿ ಬೇರೆ ಕೆಲಸವಿಲ್ಲದವರು ಮಾತ್ರ. ಆಮೇಲೆ ಅವರೇ ಮುಂದೆ ಹೋಗುತ್ತಾರೆ, ಪ್ರಮಾಣಪತ್ರ ಅವರ ಕೈಯಲ್ಲಿರುತ್ತದೆ, ‘ಹಳ್ಳಿಯ ಹುಡುಗರಿಗೆ ಆಸಕ್ತಿಯಿಲ್ಲ’ ಎಂಬ ವರದಿಯೂ ತಯಾರಾಗುತ್ತದೆ.

ಆದ್ದರಿಂದ ನನ್ನ ಸೂಚನೆ ಸಣ್ಣದು. ವರ್ಷಕ್ಕೆ ಹತ್ತು ಮಂದಿ ವಿದ್ಯಾರ್ಥಿಗಳು. ಅವರಲ್ಲಿ ಐವರಾದರೂ ಹೆಣ್ಣುಮಕ್ಕಳು. ಆರು ವಾರ. ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಒಂದು ದಿನಕ್ಕೆ ಏನು ಸಿಗುತ್ತದೆಯೋ ಅಷ್ಟೇ ದಿನಗೂಲಿ, ಒಂದು ರೂಪಾಯಿಯೂ ಕಡಮೆಯಿಲ್ಲದೆ. ಪ್ರತಿಯೊಬ್ಬರಿಗೂ ಅವರೇ ಆರಿಸಿಕೊಂಡ ಒಂದು ಪ್ರಶ್ನೆ. ಭೂಗೋಳ, ಅರ್ಥಶಾಸ್ತ್ರ, ಇತಿಹಾಸಗಳ ಅಧ್ಯಾಪಕರಲ್ಲಿ ಒಬ್ಬರ ಮೇಲ್ವಿಚಾರಣೆ. ಅವರಿಗೂ ಬಸ್ಸಿನ ಖರ್ಚು. ಬರೆದ ಪುಸ್ತಕ ವಿದ್ಯಾರ್ಥಿಯ ಮನೆಗೆ ಹೋಗದೆ ಗ್ರಂಥಭಂಡಾರದಲ್ಲಿ ಉಳಿಯತಕ್ಕದ್ದು, ಮುಂದಿನ ವರ್ಷದವನು ಅದೇ ಬಾವಿ, ಅದೇ ಕೆರೆ, ಅದೇ ಸೇತುವೆಯ ಕೆಳಗಿನಿಂದ ಆರಂಭಿಸತಕ್ಕದ್ದು. ಹಿಮನದಿಯಲ್ಲಿ ನೆಟ್ಟ ಗಳು ಬೆಲೆಯುಳ್ಳದ್ದಾಗುವುದು ಎರಡನೆಯ ವರ್ಷ ಅಲ್ಲಿಗೆ ಮತ್ತೊಬ್ಬರು ಹೋದಾಗ ಮಾತ್ರ. ಹೀಗೆ ಮೂರು ವರ್ಷ ಬರೆದ ಹುಡುಗಿಯೊಬ್ಬಳು ಮುಂದೆ ಸ್ನಾತಕೋತ್ತರ ತರಗತಿಗೆ, ಅಲ್ಲಿಂದ ಸಂಶೋಧನೆಗೆ ಅರ್ಜಿ ಹಾಕಿದಾಗ, ಗೋವೆಯವರಾಗಲಿ ಬೆಂಗಳೂರಿನವರಾಗಲಿ ‘ನಿಮಗೆ ಕ್ಷೇತ್ರಕಾರ್ಯದ ಅನುಭವವುಂಟೆ?’ ಎಂದು ಕೇಳಿದರೆ ತೋರಿಸುವುದಕ್ಕೆ ಅವಳ ಕೈಯಲ್ಲಿ ಏನಾದರೂ ಇರುತ್ತದೆ.

ಅಳತೆಯ ಹಗ್ಗ, ಭಾರದ ಗುಂಡು, ಮಳೆಮಾಪಕ, ದಪ್ಪ ರಟ್ಟಿನ ಹತ್ತು ಪುಸ್ತಕಗಳು: ಇವಕ್ಕೆ ಕಾಲೇಜಿನ ವಾರ್ಷಿಕೋತ್ಸವದ ಶಾಮಿಯಾನದಷ್ಟೂ ಹಣ ಬೇಡ. ಕೂಲಿಯ ಹಣವನ್ನು ಮಾತ್ರ ಇಲಾಖೆಯಿಂದಲೇ ಕೇಳಬೇಕಾಗುತ್ತದೆ. ಪ್ರಾಂಶುಪಾಲರು ಆ ಪತ್ರ ಬರೆಯುವಾಗ ‘ಪ್ರೋತ್ಸಾಹಧನ’ ಎಂಬ ಪದವನ್ನು ಬಿಟ್ಟು ‘ಕೂಲಿ’ ಎಂದೇ ಬರೆಯಬೇಕೆಂದು ವಿನಂತಿ. ಪ್ರೋತ್ಸಾಹಧನವಾದರೆ ಅದು ವರ್ಷ ಕಳೆದ ಮೇಲೆ ಬರುತ್ತದೆ. ಕೂಲಿಯಾದರೆ ಶನಿವಾರಕ್ಕೆ ಬರಬೇಕು.